ಕತೆಯ ಕೈಗಳಿಗೆ ಪಾವಗಡ ಕಲಿಸುವ ಪಾಠ

ಮಧುಗಿರಿಯ ಏಕಶಿಲಾ ಬೆಟ್ಟ ಹತ್ತಿದವರಿಗೆಲ್ಲ ಗೊತ್ತು, ಅರ್ಧ ದಾರಿ ಕಳೆಯುವ ಹೊತ್ತಿಗೆ ತೊಡೆ ನಡುಗಲು ಶುರುವಾಗುತ್ತದೆ. ಚೀನಾದ ತೈಶಾನ್ ಬೆಟ್ಟದಲ್ಲಿ 2025ರ ಆರಂಭದಿಂದ ಇಂಥ ಕಾಲುಗಳಿಗೆ ಬಾಡಿಗೆಗೆ ಬಲ ಸಿಗುತ್ತಿದೆ. ಸೊಂಟಕ್ಕೂ ತೊಡೆಗೂ ಬಿಗಿದುಕೊಳ್ಳುವ, ಎರಡು ಕೆ.ಜಿ.ಗೂ ಕಡಿಮೆ ತೂಗುವ, ಬ್ಯಾಟರಿಯಿಂದ ನಡೆಯುವ ಎಕ್ಸೋಸ್ಕೆಲಿಟನ್ ಅದು. ಹತ್ತುವವರು ಹೆಜ್ಜೆ ಎತ್ತುವುದನ್ನು ಅದರ ಸೆನ್ಸರ್‌ಗಳು ಗುರುತಿಸುತ್ತವೆ, ಮೋಟಾರು ತೊಡೆಯನ್ನು ಮೇಲಕ್ಕೆ ತಳ್ಳುತ್ತದೆ. ಮೊಬೈಲಿನಲ್ಲಿ ಇಂಥ ವಿಡಿಯೊ ನೋಡಿದ ಹುಡುಗರಿಗೆ ತಕ್ಷಣ ನೆನಪಾಗುವುದು ಐರನ್ ಮ್ಯಾನ್. ಅದು ಸಹಜವೇ. ಆದರೆ ಈ ಯಂತ್ರಗಳ ವಂಶಾವಳಿಯನ್ನು ಹಿಡಿದು ಹಿಂದಕ್ಕೆ ಹೋದರೆ, ಅದರ ಮೂಲದಲ್ಲಿ ಮೈಯಲ್ಲಿ ತ್ರಾಣವೇ ಇಲ್ಲದ ಒಬ್ಬ ಮನುಷ್ಯ ಸಿಗುತ್ತಾನೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ದೃಷ್ಟಿಯಿಂದ ಯೋಚಿಸುವಾಗ ಐರನ್ ಮ್ಯಾನ್‌ಗಿಂತ ಆ ಮನುಷ್ಯನೇ ನಮಗೆ ಹತ್ತಿರದವನು.

ಅವನ ಹೆಸರು ವಾಲ್ಡೋ. 1942ರ ಆಗಸ್ಟ್‌ನಲ್ಲಿ ಅಮೆರಿಕದ 'ಅಸ್ಟೌಂಡಿಂಗ್' ಪತ್ರಿಕೆಯಲ್ಲಿ ಇದೇ ಹೆಸರಿನ ನೀಳ್ಗತೆ ಪ್ರಕಟವಾಯಿತು. ಬರೆದವರು ರಾಬರ್ಟ್ ಹೈನ್‌ಲೈನ್. ಪತ್ರಿಕೆಯಲ್ಲಿ ಅಚ್ಚಾದದ್ದು ಆನ್ಸನ್ ಮ್ಯಾಕ್‌ಡೊನಾಲ್ಡ್ ಎಂಬ ಗುಪ್ತನಾಮ. ವಾಲ್ಡೋಗೆ ಮಯಸ್ತೇನಿಯಾ ಗ್ರಾವಿಸ್, ಅಂದರೆ ಸ್ನಾಯುಗಳು ಬೇಗನೆ ಸೋತುಹೋಗುವ ಕಾಯಿಲೆ. ಭೂಮಿಯ ಮೇಲೆ ತನ್ನ ಮೈಯ ಭಾರವನ್ನು ತಾನೇ ಹೊರಲಾರದ ಅವನು ಬಾಹ್ಯಾಕಾಶದಲ್ಲಿ ತೇಲುವ ಮನೆಯೊಂದರಲ್ಲಿ ವಾಸಿಸುತ್ತಾನೆ. ಆದರೆ ಬುದ್ಧಿ ಚುರುಕು. ಗವಸಿನಂಥ ಸಾಧನದೊಳಗೆ ಕೈಯಿಟ್ಟು ಬೆರಳಾಡಿಸಿದರೆ ಸಾಕು, ಇನ್ನೆಲ್ಲೋ ಇರುವ ಲೋಹದ ಕೈ ಅದೇ ಚಲನೆಯನ್ನು ಹಲವು ಪಟ್ಟು ಬಲದಿಂದ ಮಾಡುವಂಥ ವ್ಯವಸ್ಥೆಯನ್ನು ಅವನು ಕಟ್ಟಿಕೊಳ್ಳುತ್ತಾನೆ. ಕೆಲವು ಕೈಗಳು ಭಾರಿ ಗಾತ್ರದವು, ಕೆಲವು ಬರಿಗಣ್ಣಿಗೆ ಕಾಣದಷ್ಟು ಸಣ್ಣವು.

ಹೈನ್‌ಲೈನ್ ಇದನ್ನು ಬರೀ ಕಲ್ಪನೆಯಿಂದ ಹೆಣೆಯಲಿಲ್ಲ. ಇದೇ ಕಾಯಿಲೆಯಿದ್ದ ನಿಜವಾದ ಒಬ್ಬ ವ್ಯಕ್ತಿ ಸನ್ನೆಕೋಲುಗಳನ್ನು ಜೋಡಿಸಿಕೊಂಡು ತನ್ನ ಕೆಲಸ ತಾನೇ ಮಾಡಿಕೊಳ್ಳುತ್ತಿದ್ದ ಸುದ್ದಿಯನ್ನು ಹಳೆಯ ಪತ್ರಿಕೆಯೊಂದರಲ್ಲಿ ಓದಿದ್ದೇ ಪ್ರೇರಣೆ ಎಂದು ಅವರು ಹೇಳಿಕೊಂಡಿದ್ದರು. ಸ್ವತಃ ಹೈನ್‌ಲೈನ್ ನೌಕಾಪಡೆಯ ಅಧಿಕಾರಿಯಾಗಿದ್ದವರು. ಕ್ಷಯರೋಗದಿಂದಾಗಿ 1934ರಲ್ಲಿ ಕೆಲಸ ಬಿಡಬೇಕಾಯಿತು. ಮೈ ಕೈಕೊಟ್ಟರೆ ಬದುಕು ಏನಾಗುತ್ತದೆ ಎಂಬುದು ಅವರಿಗೆ ಹೊರಗಿನವರ ಕತೆ ಆಗಿರಲಿಲ್ಲ.

ಕತೆ ಅಚ್ಚಾದ ಕೆಲವೇ ವರ್ಷಗಳಲ್ಲಿ ಅಂಥ ಕೈಗಳು ನಿಜವಾಗಿಯೂ ಬೇಕಾದವು. ಅಣುಬಾಂಬಿನ ನಂತರದ ಕಾಲ. ವಿಕಿರಣ ಸೂಸುವ ವಸ್ತುಗಳನ್ನು ಮುಟ್ಟದೆಯೇ ಕೆಲಸ ಮಾಡಬೇಕಿತ್ತು. ಷಿಕಾಗೊ ಬಳಿಯ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ರೇಮಂಡ್ ಗೋರ್ಟ್ಸ್ ಎಂಬ ಎಂಜಿನಿಯರ್ 1940ರ ದಶಕದ ಕೊನೆಯ ವರ್ಷಗಳಲ್ಲಿ ಒಂದು ಜೋಡಿ ಯಾಂತ್ರಿಕ ಕೈ ರೂಪಿಸಿದರು. ದಪ್ಪ ಗಾಜಿನ ಈಚೆ ನಿಂತವರು ಹಿಡಿ ಹಿಡಿದು ಕೈ ತಿರುಗಿಸಿದರೆ, ಆಚೆ ಬದಿಯ ಇಕ್ಕಳದಂಥ ಕೈ ಹಾಗೆಯೇ ತಿರುಗುತ್ತಿತ್ತು. ಮುಂದೆ ಅಣು ಪ್ರಯೋಗಾಲಯಗಳ ಜನ ಇಂಥ ಕೈಗಳನ್ನು 'ವಾಲ್ಡೋ' ಎಂದೇ ಕರೆಯತೊಡಗಿದರು. ನಮ್ಮ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲೂ ಇದೇ ಕುಲದ ಕೈಗಳು ಕೆಲಸ ಮಾಡುತ್ತವೆ.

ಗೋರ್ಟ್ಸ್ ಅವರ ಕೆಲಸದಲ್ಲಿ ನನ್ನನ್ನು ಬಹಳ ಸೆಳೆದ ಒಂದು ಘಟ್ಟವಿದೆ. ಮೊದಲ ಮಾದರಿಯಲ್ಲಿ ಈಚೆಯ ಹಿಡಿಗೂ ಆಚೆಯ ಕೈಗೂ ನೇರವಾದ ಯಾಂತ್ರಿಕ ಸಂಪರ್ಕವಿತ್ತು. ಆಚೆಯ ಕೈ ಮೇಜಿಗೆ ತಾಗಿದರೆ ಈಚೆಯ ಕೈಗೆ ಅದು ಗೊತ್ತಾಗುತ್ತಿತ್ತು. ದೂರ ಹೆಚ್ಚಬೇಕು ಎಂದು ನಡುವೆ ವಿದ್ಯುತ್ ತಂತಿ ತಂದಾಗ ಆ ಅರಿವು ಕಳೆದುಹೋಯಿತು. ಮೋಟಾರಿಗೆ ಬಲ ಮಾತ್ರ ಗೊತ್ತು. ಎದುರಿಗಿರುವುದು ಗಾಜಿನ ಲೋಟವೋ ಕಬ್ಬಿಣದ ಗುಂಡೋ ತಿಳಿಯದು. 1954ರಲ್ಲಿ ಗೋರ್ಟ್ಸ್ ತಂಡ ರೂಪಿಸಿದ ವಿದ್ಯುತ್ ಚಾಲಿತ ಕೈಯ ಹೆಚ್ಚುಗಾರಿಕೆ ಇದ್ದದ್ದೇ ಇಲ್ಲಿ. ಆಚೆ ಎದುರಾದ ಒತ್ತಡವನ್ನು ಅಳೆದು, ಅದನ್ನು ಈಚೆಯ ಹಿಡಿಗೆ ಮತ್ತೆ ಮುಟ್ಟಿಸುವ ವ್ಯವಸ್ಥೆ ಅದರಲ್ಲಿತ್ತು. ಕೈ ಎಂದರೆ ಹಿಡಿಯುವುದು ಅರ್ಧ, ಮುಟ್ಟಿ ತಿಳಿಯುವುದು ಅರ್ಧ ಎಂಬುದನ್ನು ಆ ಎಂಜಿನಿಯರ್ ಆಗಲೇ ಕಂಡುಕೊಂಡಿದ್ದರು.

ಕತೆಗಳು ಮಾತ್ರ ಬಲದ ದಾರಿ ಹಿಡಿದವು. 1959ರಲ್ಲಿ ಅದೇ ಹೈನ್‌ಲೈನ್ 'ಸ್ಟಾರ್‌ಶಿಪ್ ಟ್ರೂಪರ್ಸ್' ಕಾದಂಬರಿಯಲ್ಲಿ ಸೈನಿಕರಿಗೆ ಯಂತ್ರಕವಚ ತೊಡಿಸಿದರು. 1963ರಲ್ಲಿ ಐರನ್ ಮ್ಯಾನ್ ಕಾಮಿಕ್ಸ್‌ಗೆ ಬಂದ. 1965ರ ಹೊತ್ತಿಗೆ ಜನರಲ್ ಎಲೆಕ್ಟ್ರಿಕ್ ಕಂಪನಿ ಅಮೆರಿಕದ ಸೇನೆಗಾಗಿ 'ಹಾರ್ಡಿಮನ್' ಎಂಬ ನಿಜವಾದ ಕವಚ ಕಟ್ಟಲು ಹೊರಟಿತು. ತೊಟ್ಟವರು ಸುಮಾರು 680 ಕೆ.ಜಿ. ಎತ್ತಬೇಕು ಎಂಬುದು ಗುರಿ. ಕವಚದ ತೂಕವೇ ಹೆಚ್ಚುಕಡಿಮೆ ಅಷ್ಟಾಯಿತು. ಇಡೀ ಯಂತ್ರವನ್ನು ಚಾಲೂ ಮಾಡಿದಾಗ ಅದು ಅಂಕೆ ಮೀರಿ ಒದ್ದಾಡಿತು. ಒಳಗೆ ಮನುಷ್ಯನನ್ನು ನಿಲ್ಲಿಸಿ ಪೂರ್ತಿ ನಡೆಸುವ ಧೈರ್ಯವನ್ನು ಯಾರೂ ಮಾಡಲಿಲ್ಲ. ಕೊನೆಗೆ ಒಂದು ತೋಳು ಮಾತ್ರ ಸರಿಯಾಗಿ ಕೆಲಸ ಮಾಡಿತು, ಯೋಜನೆ 1970ರ ದಶಕದ ಆರಂಭದಲ್ಲಿ ನಿಂತಿತು. ಸೈನಿಕರಿಗೆ ಭಾರ ಹೊರಲು ನೆರವಾಗುವ ಕವಚದ ಕನಸು ಇನ್ನೂ ಜೀವಂತವಾಗಿದೆ. ಬೆಂಗಳೂರಿನಲ್ಲಿರುವ ಡಿಆರ್‌ಡಿಒದ ಡೆಬೆಲ್ ಪ್ರಯೋಗಾಲಯವೂ ಆ ಕೆಲಸದಲ್ಲಿ ತೊಡಗಿಕೊಂಡಿದೆ.

ನಿಜವಾಗಿ ಜನರ ಮೈಗೆ ಒಗ್ಗಿದ ಯಂತ್ರಗಳು ಬಂದದ್ದು ಬೇರೆ ದಿಕ್ಕಿನಿಂದ. ಜಪಾನಿನ ತ್ಸುಕುಬಾ ವಿಶ್ವವಿದ್ಯಾಲಯದ ಯೋಶಿಯುಕಿ ಸಂಕಾಯ್ ಬಾಲ್ಯದಲ್ಲಿ ಐಸಾಕ್ ಅಸಿಮೊವ್ ಅವರ 'ಐ, ರೋಬಾಟ್' ಓದಿ ಈ ದಾರಿಗೆ ಬಂದವರು. ಅವರ 'ಹಾಲ್' ಯಂತ್ರ ಚರ್ಮದ ಮೇಲೆ ಸಿಗುವ ನರಗಳ ಕ್ಷೀಣ ವಿದ್ಯುತ್ ಸಂಜ್ಞೆಯನ್ನು ಓದಿ, ಕಾಲು ಎತ್ತಬೇಕೆಂಬ ಇಚ್ಛೆಗೆ ಮೋಟಾರಿನ ನೆರವು ಕೊಡುತ್ತದೆ. ಇಸ್ರೇಲಿನ ಎಂಜಿನಿಯರ್ ಅಮಿತ್ ಗೋಫರ್ 1997ರಲ್ಲಿ ಅಪಘಾತಕ್ಕೆ ಸಿಕ್ಕಿ ಕೈಕಾಲುಗಳ ಸ್ವಾಧೀನ ಕಳೆದುಕೊಂಡರು. ಗಾಲಿಕುರ್ಚಿಯಲ್ಲಿ ಕುಳಿತೇ ಅವರು 'ರೀವಾಕ್' ಎಂಬ ಎಕ್ಸೋಸ್ಕೆಲಿಟನ್ ರೂಪಿಸಿದರು. ಅದನ್ನು ತೊಟ್ಟು ನಡೆಯಲು ಊರುಗೋಲು ಹಿಡಿಯುವಷ್ಟು ಕೈಬಲ ಬೇಕು. ಹಾಗಾಗಿ ಅದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಬೇರೆಯವರನ್ನು ನಡೆಸಿತು. ಗೋಫರ್ ಅವರಿಗೆ ಅದು ಒದಗಲಿಲ್ಲ. 2014ರಲ್ಲಿ ಅದಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಮಂಜೂರಾತಿ ಸಿಕ್ಕಿತು. ಅದೇ ವರ್ಷ ಅಮೆರಿಕದ ಎಂಜಿನಿಯರ್ ಡೀನ್ ಕೇಮನ್ ತಂಡದ ಕೃತಕ ತೋಳಿಗೂ ಸಿಕ್ಕಿತು. 'ಸ್ಟಾರ್ ವಾರ್ಸ್' ಸರಣಿಯ 1980ರ ಚಿತ್ರದಲ್ಲಿ ಕೈ ಕಳೆದುಕೊಂಡು ಯಂತ್ರದ ಕೈ ಪಡೆಯುವ ಲೂಕ್ ಸ್ಕೈವಾಕರ್‌ನ ನೆನಪಿಗೆ ಆ ತೋಳಿಗೆ 'ಲೂಕ್' ಎಂದೇ ಹೆಸರು. ಸಿನಿಮಾದ ಲೂಕ್ ಕೈಯನ್ನು ಮನಸ್ಸಿನಿಂದ ಆಡಿಸುತ್ತಾನೆ. ನಿಜವಾದ ತೋಳನ್ನು ಆಡಿಸಲು ಇಟ್ಟುಕೊಂಡ ಉಪಾಯಗಳಲ್ಲಿ ಒಂದು, ಷೂಗೆ ಸೆನ್ಸರ್ ಸಿಕ್ಕಿಸಿ ಪಾದ ವಾಲಿಸುವುದು. ಪಾದ ಮುಂದಕ್ಕೆ ಬಾಗಿದರೆ ತೋಳು ಒಂದು ಕಡೆ, ಪಕ್ಕಕ್ಕೆ ಬಾಗಿದರೆ ಇನ್ನೊಂದು ಕಡೆ.

ನಮ್ಮಲ್ಲೂ ಈ ಕನಸಿನ ಬೇರುಗಳಿವೆ. 1980ರ ದಶಕದ ದೂರದರ್ಶನದಲ್ಲಿ ಜಪಾನಿನ 'ಜೈಂಟ್ ರೋಬಾಟ್' ನೋಡುತ್ತ ಬೆಳೆದವರಿಗೆ, ಕೈಗಡಿಯಾರದೊಳಗೆ ಮಾತಾಡಿ ದೈತ್ಯ ಯಂತ್ರವನ್ನು ನಡೆಸುವ ಹುಡುಗ ಇನ್ನೂ ನೆನಪಿರಬಹುದು. ರಾಜಶೇಖರ ಭೂಸನೂರಮಠರು ಕನ್ನಡದಲ್ಲಿ ವೈಜ್ಞಾನಿಕ ಕತೆ ಕಾದಂಬರಿಗಳಿಗೆ ಓದುಗರನ್ನು ಗಳಿಸಿಕೊಟ್ಟರು. 2002ರ 'ಹಾಲಿವುಡ್' ಚಿತ್ರದಲ್ಲಿ ಉಪೇಂದ್ರ ರೋಬಾಟ್ ಆಗಿ ಬಂದರು. ಆದರೆ ಒಬ್ಬ ಶೇಂಗಾ ಬೆಳೆಗಾರನ ಕಳೆದುಹೋದ ಕೈಯನ್ನು ನಾಯಕನ ಸ್ಥಾನದಲ್ಲಿಟ್ಟ ಕನ್ನಡದ ವೈಜ್ಞಾನಿಕ ಕತೆಯನ್ನು ನಾನು ಓದಿಲ್ಲ. ಓದಬೇಕು ಎಂಬ ಆಸೆ ಬಹಳ ಇದೆ.

ಈ ಸೀಮೆಯಲ್ಲಿ ಕೈ ಕಾಲು ಹೋಗುವ ದಾರಿಗಳು ಹಲವು. ಮೇವು ಕತ್ತರಿಸುವ ಯಂತ್ರಕ್ಕೆ ಹುಲ್ಲು ತಳ್ಳುವಾಗ ಬೆರಳು ಒಳಗೆ ಹೋಗುತ್ತದೆ. ಒಕ್ಕಣೆ ಯಂತ್ರಕ್ಕೆ ಅಂಗಿಯ ತೋಳು ಸಿಕ್ಕಿ ಕೈಯನ್ನೂ ಎಳೆದುಕೊಳ್ಳುತ್ತದೆ. ಶಿರಾ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿಯ ಅಪಘಾತಗಳಿವೆ. ಕೊರಟಗೆರೆ, ಮಧುಗಿರಿ ಕಡೆ ಹುಣಸೆ ಬಡಿಯುವ ಕಾಲ ಬಂದರೆ ಮರ ಹತ್ತುವವರು ಕೊಂಬೆ ಮುರಿದು ಬೀಳುತ್ತಾರೆ. ಬೆನ್ನುಹುರಿಗೆ ಪೆಟ್ಟಾದರೆ ಸೊಂಟದ ಕೆಳಗಿನ ಸ್ವಾಧೀನವೇ ಹೋಗುತ್ತದೆ. ಅಡಿಕೆ ಮರದಿಂದ, ತೆಂಗಿನ ಮರದಿಂದ ಬಿದ್ದವರ ಕತೆಯೂ ಇದೇ. ರೀವಾಕ್‌ನಂಥ ಯಂತ್ರ ಯಾರಿಗಾಗಿ ಹುಟ್ಟಿತೋ ಅಂಥವರೇ ಇವರು. ಆದರೆ ಆ ಯಂತ್ರದ ಬೆಲೆ ಎಷ್ಟೋ ಎಕರೆ ಹೊಲದ ಬೆಲೆ. ಅದು ನಡೆಯಲು ಸಮತಟ್ಟಾದ ನೆಲ ಬೇಕು, ತರಬೇತಿ ಕೊಡುವವರು ಹತ್ತಿರದಲ್ಲಿರಬೇಕು. ಹೊಸ್ತಿಲು ದಾಟಿ, ಕಲ್ಲುಚಪ್ಪಡಿ ಇಳಿದು, ಮಣ್ಣಿನ ಓಣಿಯಲ್ಲಿ ಹೊಲಕ್ಕೆ ಹೋಗುವ ಹಾದಿಯನ್ನು ಅದನ್ನು ರೂಪಿಸಿದವರು ಕಂಡಿರಲಾರರು.

ಕೃತಕ ಕೈ ಪಡೆದವರ ಮನೆಗಳಲ್ಲಿ ಆ ಕೈ ಗೋಡೆಯ ಮೊಳೆಗೆ ನೇತಾಡುವುದು ಅಪರೂಪವಲ್ಲ. ಕಾರಣ ಸೋಮಾರಿತನವೂ ಅಲ್ಲ, ನಾಚಿಕೆಯೂ ಅಲ್ಲ. ಉಳಿದ ತೋಳಿನ ತುದಿಯನ್ನು ಹಿಡಿದುಕೊಳ್ಳುವ ಬಟ್ಟಲಿನಂಥ ಭಾಗಕ್ಕೆ ಸಾಕೆಟ್ ಎನ್ನುತ್ತಾರೆ. ಬೇಸಿಗೆಯಲ್ಲಿ ಅದರೊಳಗೆ ಬೆವರು ನಿಂತು ಚರ್ಮ ಬೇಯುತ್ತದೆ, ಉಜ್ಜಿ ಹುಣ್ಣಾಗುತ್ತದೆ. ಸ್ನಾಯುವಿನ ವಿದ್ಯುತ್ ಸಂಜ್ಞೆಯಿಂದ ಆಡುವ ಮಯೋಎಲೆಕ್ಟ್ರಿಕ್ ಕೈಯಲ್ಲಿ ತೊಂದರೆ ಇನ್ನೊಂದಿಷ್ಟು ಹೆಚ್ಚು. ಚರ್ಮಕ್ಕೂ ಎಲೆಕ್ಟ್ರೋಡಿಗೂ ನಡುವೆ ಬೆವರು ಸೇರಿದರೆ ಸಂಜ್ಞೆ ಕಲಸಿಹೋಗುತ್ತದೆ. ಮುಷ್ಟಿ ಬಿಗಿಯಬೇಕೆಂದರೆ ಬಿಚ್ಚಿಕೊಳ್ಳುತ್ತದೆ. ಕೊಟ್ಟಿಗೆಯ ಗಂಜಳ, ಕೆಂಪು ದೂಳು, ರಾಗಿ ಹೊಟ್ಟು ಗಿಯರಿನೊಳಗೆ ಸೇರುತ್ತವೆ. ಕೆಟ್ಟರೆ ಕಳಿಸಬೇಕಾದದ್ದು ಬೆಂಗಳೂರಿಗೆ, ಇಲ್ಲವೆ ಅದಕ್ಕಿಂತ ದೂರಕ್ಕೆ. ಇವೆಲ್ಲದರ ನಡುವೆಯೂ ಭುಜದ ಪಟ್ಟಿಯಿಂದ ಕೇಬಲ್ ಎಳೆದು ತೆರೆಯುವ ಹಳೆಯ ಕಾಲದ ಕೊಕ್ಕೆಯ ಕೈ ಅನೇಕರಿಗೆ ಒಗ್ಗುತ್ತದೆ. ಕೇಬಲ್ ಎಷ್ಟು ಬಿಗಿಯಾಯಿತು ಎಂಬುದು ಭುಜಕ್ಕೆ ತಿಳಿಯುತ್ತದೆ. ಹಾಗಾಗಿ ಮೊಟ್ಟೆ ಹಿಡಿದಿದ್ದೇನೋ ಸನಿಕೆ ಹಿಡಿದಿದ್ದೇನೋ ಎಂಬ ಒಂದಿಷ್ಟು ಸುಳಿವು ಸಿಗುತ್ತದೆ. ಗೋರ್ಟ್ಸ್ ತಮ್ಮ ವಿದ್ಯುತ್ ಕೈಗೆ ಮರಳಿ ತಂದುಕೊಟ್ಟದ್ದು ಇದೇ ಸುಳಿವನ್ನು.

ಸ್ಪರ್ಶದ ಈ ಪಾಠವನ್ನು ವಿಜ್ಞಾನಕ್ಕೆ ಕಲಿಸಿದವರಲ್ಲಿ ನಮ್ಮ ದಕ್ಷಿಣ ಭಾರತದ ಕುಷ್ಠರೋಗಿಗಳು ಮುಖ್ಯರು. ಅವರ ಹೆಸರುಗಳು ಯಾವ ಕತೆಯಲ್ಲೂ ಬರಲಿಲ್ಲ. ಪಾವಗಡದ ಶ್ರೀ ರಾಮಕೃಷ್ಣ ಸೇವಾಶ್ರಮದಲ್ಲಿ ಸ್ವಾಮಿ ಜಪಾನಂದರು ಕುಷ್ಠ ಮತ್ತು ಕ್ಷಯರೋಗಿಗಳ ಸೇವೆಯನ್ನು ದಶಕಗಳಿಂದ ನಡೆಸಿಕೊಂಡು ಬಂದಿರುವುದು ಈ ಭಾಗದ ಜನರಿಗೆಲ್ಲ ಗೊತ್ತು. ಕುಷ್ಠ ಗುಣವಾದ ಮೇಲೂ ಹಲವರ ಬೆರಳುಗಳಲ್ಲಿ ಅರಿವಿರುವುದಿಲ್ಲ. ಬಿಸಿ ಪಾತ್ರೆ ಹಿಡಿದರೂ ಸುಡುವುದು ತಿಳಿಯದು, ಮುಳ್ಳು ಚುಚ್ಚಿದರೂ ತಿಳಿಯದು. ಗಾಯದ ಮೇಲೆ ಗಾಯವಾಗಿ ಬೆರಳು ಸವೆಯುತ್ತದೆ.

1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಇದನ್ನು ಪತ್ತೆಹಚ್ಚಿದವರು. ಕುಷ್ಠದಿಂದ ಬೆರಳು ಕೊಳೆತು ಉದುರುತ್ತದೆ ಎಂಬ ನಂಬಿಕೆ ಆಗ ವೈದ್ಯರಲ್ಲೂ ಇತ್ತು. ಬ್ರ್ಯಾಂಡ್ ಒಂದೊಂದು ಗಾಯದ ಹಿಂದೆಯೂ ಬಿದ್ದು ಕಾರಣ ಹುಡುಕಿದರು. ರಾತ್ರಿ ಮಲಗಿದಾಗ ಬೆರಳಿನ ತುದಿ ಕಾಣೆಯಾಗುವ ಒಗಟನ್ನು ಮಾತ್ರ ಬಿಡಿಸಲು ಆಗಿರಲಿಲ್ಲ. ಕಾದು ನೋಡಿದಾಗ ಇಲಿ ಬಂದು ಕಚ್ಚುವುದು ಕಂಡಿತು. ನೋವೇ ಇಲ್ಲದ್ದರಿಂದ ಮಲಗಿದವರಿಗೆ ಎಚ್ಚರವಾಗುತ್ತಿರಲಿಲ್ಲ. ಅಲ್ಲಿಂದ ಮುಂದೆ ಆಸ್ಪತ್ರೆಯಿಂದ ಮನೆಗೆ ಹೋಗುವ ರೋಗಿಗಳ ಜೊತೆ ಬೆಕ್ಕನ್ನೂ ಕಳಿಸುವ ವ್ಯವಸ್ಥೆ ಮಾಡಿದರು. ಮಡಚಿಹೋದ ಬೆರಳುಗಳನ್ನು ಸ್ನಾಯುರಜ್ಜು ಬದಲಿಸಿ ನೇರ ಮಾಡುವ ಶಸ್ತ್ರಚಿಕಿತ್ಸೆಯೂ ಅವರದೇ ಕೊಡುಗೆ.

ಆಮೇಲೆ ಬ್ರ್ಯಾಂಡ್ ಅಮೆರಿಕದ ಕಾರ್ವಿಲ್ ಎಂಬಲ್ಲಿನ ಕುಷ್ಠರೋಗ ಆಸ್ಪತ್ರೆಗೆ ಹೋದರು. ಅಲ್ಲಿ ಎಂಜಿನಿಯರುಗಳನ್ನು ಕೂಡಿಸಿಕೊಂಡು, ಒತ್ತಡ ಅಳೆಯುವ ಸೆನ್ಸರ್‌ಗಳಿದ್ದ ಗವಸು ಮಾಡಿಸಿದರು. ಬೆರಳಿಗೆ ಅಪಾಯವಾಗುವಷ್ಟು ಒತ್ತಿದರೆ ಶಬ್ದ ಬರಬೇಕು. ಯಂತ್ರ ಕೆಲಸ ಮಾಡಿತು, ಆದರೆ ರೋಗಿಗಳು ಕೈಯ ಕೆಲಸ ಮುಗಿಸುವ ಅವಸರದಲ್ಲಿ ಶಬ್ದವನ್ನು ಲೆಕ್ಕಿಸಲಿಲ್ಲ. ಶಬ್ದದ ಬದಲು ಮೈಯ ಬೇರೆ ಕಡೆ ವಿದ್ಯುತ್ ಷಾಕ್ ಕೊಟ್ಟು ನೋಡಿದರು; ಕಷ್ಟದ ಕೆಲಸ ಬಂದಾಗ ರೋಗಿಗಳು ಸ್ವಿಚ್ ಆರಿಸಿ ಕೆಲಸ ಮಾಡಿದರು. ಕೊನೆಗೆ ಆ ಪ್ರಯತ್ನ ಕೈಬಿಡಬೇಕಾಯಿತು. ಎಚ್ಚರಿಕೆಯ ಗಂಟೆ ಬಾರಿಸಿದ ಮಾತ್ರಕ್ಕೆ ಅದು ಸ್ಪರ್ಶ ಆಗುವುದಿಲ್ಲ, ಅದು ಮೈಯ ಸ್ವಂತ ಅರಿವಾಗಿ ಬರಬೇಕು ಎಂಬುದು ಆ ಸೋಲಿನಿಂದ ಸಿಕ್ಕ ತಿಳಿವಳಿಕೆ. ಈ ವಿಷಯದಲ್ಲಿ ನಾನು ಓದಿದ ಎಲ್ಲ ಗೆಲುವಿನ ಕತೆಗಳಿಗಿಂತ ಈ ಸೋಲು ದೊಡ್ಡದು.

ಲೂಕ್ ತೋಳಿಗೆ ಆ ಅರಿವನ್ನು ಕೊಡುವ ಪ್ರಯೋಗ 2019ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದಿಂದ ವರದಿಯಾಯಿತು. ಉಳಿದ ತೋಳಿನ ನರಗಳೊಳಗೆ ಸೂಕ್ಷ್ಮ ಎಲೆಕ್ಟ್ರೋಡುಗಳನ್ನು ಇಟ್ಟು, ಕೃತಕ ಬೆರಳಿನ ಒತ್ತಡವನ್ನು ನರದ ಭಾಷೆಯಲ್ಲೇ ಮಿದುಳಿಗೆ ಕಳಿಸಿದರು. ಕೈ ಕಳೆದುಕೊಂಡಿದ್ದ ವ್ಯಕ್ತಿ ಮೊಟ್ಟೆ ಒಡೆಯದಂತೆ ಎತ್ತಿದರು, ಗೊಂಚಲಿನಿಂದ ದ್ರಾಕ್ಷಿ ಬಿಡಿಸಿದರು. ಶಸ್ತ್ರಚಿಕಿತ್ಸೆಯ ರೋಬಾಟ್‌ಗಳಿಗೂ ಸ್ಪರ್ಶ ಬಂದದ್ದು ತಡವಾಗಿಯೇ. 2001ರ ಸೆಪ್ಟೆಂಬರ್ 7ರಂದು ಶಸ್ತ್ರವೈದ್ಯ ಜಾಕ್ ಮಾರೆಸ್ಕೊ ನ್ಯೂಯಾರ್ಕಿನಲ್ಲಿ ಕುಳಿತು ರೋಬಾಟ್ ಮೂಲಕ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿದ್ದ ಮಹಿಳೆಯ ಪಿತ್ತಕೋಶ ತೆಗೆದರು. ವಾಲ್ಡೋನ ಕೈ ಅಟ್ಲಾಂಟಿಕ್ ದಾಟಿತು. ಆದರೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲೂ ಬಳಕೆಯಲ್ಲಿರುವ ಡಾ ವಿಂಚಿ ರೋಬಾಟ್‌ಗೆ ಅಂಗಾಂಶದ ಪ್ರತಿರೋಧವನ್ನು ವೈದ್ಯರ ಕೈಗೆ ಮುಟ್ಟಿಸುವ ಶಕ್ತಿ ಬಂದದ್ದು 2024ರಲ್ಲಿ ಮಂಜೂರಾದ ಐದನೇ ಮಾದರಿಯಲ್ಲಿ. ಗೋರ್ಟ್ಸ್ ಅವರ ಕೈಗೂ ಇದಕ್ಕೂ ನಡುವೆ 70 ವರ್ಷ.

ಪಾವಗಡದ ಇನ್ನೊಂದು ನೋವನ್ನು ಇಲ್ಲಿ ಹೇಳಲೇಬೇಕು. ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡ್. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ದಾರಿಯೇ ಇಲ್ಲದಿದ್ದರೆ 1.5. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಮೂಳೆಗಳಲ್ಲಿ ಫ್ಲೋರೈಡ್ ಸೇರಿಕೊಳ್ಳುತ್ತದೆ; ಕೀಲುಗಳ ಸುತ್ತಲಿನ ತಂತುಗಳು ಗಡುಸಾಗುತ್ತವೆ; ಬೆನ್ನು ಬಾಗಿದಲ್ಲೇ ನಿಲ್ಲುತ್ತದೆ. ಇಂಥವರಿಗೆ ಎಕ್ಸೋಸ್ಕೆಲಿಟನ್ ತೊಡಿಸಬಹುದಲ್ಲ ಎಂದು ಯಾರಿಗಾದರೂ ಅನ್ನಿಸೀತು. ಆಗುವುದಿಲ್ಲ. ಸೋತ ಸ್ನಾಯುವಿಗೆ ಯಂತ್ರ ಬಲ ಕೊಡಬಲ್ಲದು; ಕಟ್ಟಿಹೋದ ಕೀಲನ್ನು ಬಲವಂತವಾಗಿ ಬಗ್ಗಿಸಲು ಹೋದರೆ ಮೂಳೆಯೇ ಮುರಿದೀತು. ಇಲ್ಲಿ ಬೇಕಾದದ್ದು ಶುದ್ಧ ನೀರು. ತುಂಗಭದ್ರಾ ಹಿನ್ನೀರನ್ನು ಪಾವಗಡಕ್ಕೆ ತರುವ ಬಹುಗ್ರಾಮ ಕುಡಿಯುವ ನೀರಿನ ಯೋಜನೆ ಈ ತಾಲ್ಲೂಕಿನ ಮಕ್ಕಳ ಬೆನ್ನುಮೂಳೆಗೆ ಯಾವ ರೋಬಾಟ್‌ಗಿಂತಲೂ ದೊಡ್ಡ ಆಸರೆ. ಪ್ರತಿ ಹಳ್ಳಿಯ ಪ್ರತಿ ನಲ್ಲಿಗೂ ಅದು ನಿಲ್ಲದೆ ಬರುವಂತೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಮೊದಲ ಕೆಲಸ.

ಯಂತ್ರದ ಕೈ ಕಾಲುಗಳ ವಿಷಯಕ್ಕೆ ಬಂದರೆ, ಅದನ್ನು ಮಾಡಬಲ್ಲ ಬುದ್ಧಿ ನಮ್ಮ ಮಗ್ಗುಲಲ್ಲೇ ಇದೆ. 2024ರ ಡಿಸೆಂಬರ್ 30ರಂದು ಪಿಎಸ್‌ಎಲ್‌ವಿ ಸಿ60 ರಾಕೆಟ್ಟಿನ ಜೊತೆ ಹೋದ ಇಸ್ರೊದ ನಡೆಯುವ ರೋಬಾಟ್ ತೋಳು, ನೆಲದಿಂದ ಬಂದ ಆದೇಶದಂತೆ ಕಕ್ಷೆಯಲ್ಲಿ ಕೀಲು ಮಡಚಿ ಬಿಡಿಸಿ ತೋರಿಸಿತು. ತಿರುವನಂತಪುರದ ಇಸ್ರೊ ವಿಜ್ಞಾನಿಗಳು ಕಾಲು ಕಳೆದುಕೊಂಡವರಿಗಾಗಿ ಮೈಕ್ರೊಪ್ರೊಸೆಸರ್ ಇರುವ ಕೃತಕ ಮೊಣಕಾಲನ್ನೂ ರೂಪಿಸಿದ್ದಾರೆ. ಪಾವಗಡದ ನೆರೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ಇಸ್ರೊ ಇದೆ, ಡಿಆರ್‌ಡಿಒ ಇದೆ. ಅಲ್ಲಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣವಿದೆ. ಆ ಆವರಣದಲ್ಲಿ ಕೃತಕ ಅಂಗಗಳ ಪರೀಕ್ಷೆ ಮತ್ತು ದುರಸ್ತಿಗೆ ಒಂದು ಕೇಂದ್ರ ತೆರೆಯಿರಿ ಎಂಬುದು ನನ್ನ ಮನವಿ. ಇದೇ ದೂಳಿನಲ್ಲಿ, ಇದೇ ಬಿಸಿಲಿನಲ್ಲಿ, ಶೇಂಗಾ ಕೀಳುವವರ, ಹಾಲು ಕರೆಯುವವರ ಮೈಮೇಲೆ ಪರೀಕ್ಷೆಯಾದ ಕೈ ಮೊಳೆಗೆ ನೇತಾಡಲಾರದು. ತುಮಕೂರಿನ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಕೊನೆಯ ವರ್ಷದ ಪ್ರಾಜೆಕ್ಟಿಗೆ ಬೆವರು ಹೀರುವ ಸಾಕೆಟ್ ಒಂದನ್ನೇ ಆಯ್ದುಕೊಂಡರೂ ದೊಡ್ಡ ಕೆಲಸವಾದೀತು. ಕನ್ನಡದ ಕತೆಗಾರರು ಅದಕ್ಕೂ ಮೊದಲೇ ಅಂಥ ಕೈಯನ್ನು ಬರೆದು ತೋರಿಸಲಿ. ಹೈನ್‌ಲೈನ್ ಬರೆದ ಮೇಲೆ ತಾನೆ ಎಂಜಿನಿಯರುಗಳ ಕೈಗೆ ಆ ಹೆಸರು ಸಿಕ್ಕಿದ್ದು?

ಅಲ್ಲಿಯವರೆಗೆ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಊರಿನಲ್ಲಿ ಕೈಯೋ ಕಾಲೋ ಕಳೆದುಕೊಂಡು ಮನೆಯಲ್ಲೇ ಕುಳಿತವರಿದ್ದರೆ, ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಅವರಿಗೆ ಭೇಟಿ ಮಾಡಿಸಿ. ಈ ಕಾರ್ಯಕರ್ತರನ್ನು ವಿಆರ್‌ಡಬ್ಲ್ಯೂ ಎಂದು ಕರೆಯುತ್ತಾರೆ. ತಾಲ್ಲೂಕು ಪಂಚಾಯಿತಿಯಲ್ಲಿ ಇರುವವರು ಎಂಆರ್‌ಡಬ್ಲ್ಯೂ. ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರವಿದ್ದು, ಆದಾಯ ಮಿತಿಯೊಳಗಿದ್ದರೆ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಕೃತಕ ಕೈ ಕಾಲುಗಳನ್ನು ಪಡೆಯಲು ಅವಕಾಶವಿದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕುವುದರಿಂದ ಶುರು ಮಾಡಿ.